ಬಾವಿ ಯಾರ ಪಾಲಿಗೆ ಬಂತು?

ಬೆಳಿಗ್ಗೆ ಏಳು ಇಪ್ಪತ್ತಕ್ಕೆ ದೇವೇಗೌಡ ಪೆಟ್ರೋಲ್ ಬಂಕಿನ ಬಳಿ ಬಸ್ಸು ಹತ್ತಿದರೆ ಗೊರಗುಂಟೆಪಾಳ್ಯದಲ್ಲಿ ಇಳಿಯುವ ಹೊತ್ತಿಗೆ ಎಂಟೂವರೆ ದಾಟಿರುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಈ ಪಶ್ಚಿಮದ ಮಗ್ಗುಲಿಗೆ ಇನ್ನೂ ಮೆಟ್ರೊ ಬಂದಿಲ್ಲ. ಜೆ.ಪಿ. ನಗರದ ನಾಲ್ಕನೇ ಹಂತದಿಂದ ಕೆಂಪಾಪುರದವರೆಗಿನ 32 ಕಿಲೋಮೀಟರ್ ಮಾರ್ಗಕ್ಕೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದೇ 2024ರ ಆಗಸ್ಟ್‌ನಲ್ಲಿ; ಅದರಲ್ಲಿ ನನ್ನ ಮಗಳು ಓಡಾಡಬಹುದು, ನಾನಂತೂ ಬಸ್ಸಿನೊಂದಿಗೆ ರಾಜಿ ಮಾಡಿಕೊಂಡವಳು. 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ಟಿನ ದುಡ್ಡೂ ಇಲ್ಲವಾದ್ದರಿಂದ, ದೂರುವ ಹಕ್ಕು ನಿನಗೆಲ್ಲಿದೆ ಎಂದು ನನ್ನ ಯಜಮಾನರು ಆಗಾಗ ಕೆಣಕುತ್ತಾರೆ. ದುಡ್ಡು ಕೊಡುತ್ತಿದ್ದ ಕಾಲದಲ್ಲೂ ಕಿವಿಗೆ ಇದೇ ಶಿಕ್ಷೆ ಇತ್ತೆಂಬುದನ್ನು ಅವರಿಗೆ ನೆನಪಿಸಿ ನಾನು ಸುಮ್ಮನಾಗುತ್ತೇನೆ.

ಬಸ್ಸೆಂದ ಮೇಲೆ ಸದ್ದು ಇದ್ದೇ ಇರುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಗಾಜು ಕಿಟಕಿಯ ಚೌಕಟ್ಟಿನಲ್ಲಿ ಲಟಲಟನೆ ಅಲುಗಾಡುವುದು, ಗೇರು ಬದಲಿಸುವಾಗ ಬಸ್ಸು ನರಳುವುದು, ‘ಒಳಗ್ ಹೋಗಿ, ಒಳಗ್ ಹೋಗಿ, ಮಧ್ಯದಲ್ಲಿ ಎಷ್ಟು ಜಾಗ ಇದೆ ನೋಡಿ’ ಎಂದು ನಿರ್ವಾಹಕರು ಕೂಗುವುದು, ‘ಹೋಲ್ಡಾನ್’ ಎಂಬ ಒಂದು ಪದಕ್ಕೆ ಇಡೀ ಬಸ್ಸು ಮುಂದಕ್ಕೆ ತೂಗಿ ನಿಲ್ಲುವುದು, ಇವೆಲ್ಲ ಬಸ್ಸಿನದೇ ಸದ್ದುಗಳು. ಅವುಗಳ ನಡುವೆ ನಾನು ಎಷ್ಟೋ ಬಾರಿ ಹೊಸಕೆರೆಹಳ್ಳಿಯಿಂದ ಸುಮನಹಳ್ಳಿಯವರೆಗೆ ಕಂಬಿಗೆ ತಲೆಯಾನಿಸಿ ನಿದ್ದೆ ಮಾಡಿದ್ದೇನೆ. ನನಗೆ ಆಗದಿರುವುದು ಮುಗಿಯದ ಸದ್ದು.

ಮುಗಿಯದ ಸದ್ದೆಂದರೇನೆಂದು ವಿವರಿಸಬೇಕು. ನನ್ನ ಹಿಂದಿನ ಆಸನದಲ್ಲಿ ದಿನವೂ ಒಬ್ಬ ಹುಡುಗ ಕೂರುತ್ತಾನೆ. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಬಸ್ಸಿನೊಳಗಿನ ಒಂದು ಪೀಡೆ ತೊಲಗಿತೆಂದು ಸಂತೋಷಪಟ್ಟ ಮೂರ್ಖರಲ್ಲಿ ನಾನೂ ಒಬ್ಬಳು. ಮರುತಿಂಗಳೇ ರೀಲ್ಸ್ ಬಂದು ಆ ಖಾಲಿ ಜಾಗದಲ್ಲಿ ಕೂತಿತು. ಆ ಹುಡುಗನ ಹೆಬ್ಬೆರಳು ನಾಲ್ಕು ಸೆಕೆಂಡಿಗೊಮ್ಮೆ ಮೇಲಕ್ಕೆ ಜಾರುತ್ತದೆ. ಯಾವ ಹಾಡೂ ಪಲ್ಲವಿಯನ್ನು ದಾಟುವುದಿಲ್ಲ, ಯಾವ ಹಾಸ್ಯವೂ ನಗುವ ಜಾಗದವರೆಗೆ ಹೋಗುವುದಿಲ್ಲ, ಬೊಜ್ಜು ಕರಗಿಸಲು ಏನು ಮಾಡಬೇಕೆಂದು ಹೇಳಲು ಹೊರಟ ವೈದ್ಯರು ‘ಬೆಳಿಗ್ಗೆ ಎದ್ದ ತಕ್ಷಣ ಒಂದು ಲೋಟ’ ಎಂಬಲ್ಲಿಗೆ ಮಾಯವಾಗುತ್ತಾರೆ. ಒಂದು ಲೋಟ ಏನು ಎಂಬುದನ್ನು ನಾನು ಕಾಮಾಕ್ಯದಿಂದ ಕತ್ರಿಗುಪ್ಪೆಯವರೆಗೆ ಯೋಚಿಸುತ್ತೇನೆ. ಅವನಿಗೆ ಇಯರ್‌ಫೋನ್ ಇಲ್ಲವೇ ಎಂದರೆ ಇದೆ, ಕೊರಳಲ್ಲೇ ನೇತಾಡುತ್ತಿರುತ್ತದೆ, ಚಾರ್ಜ್ ಇರುವುದಿಲ್ಲ. ತಂತಿಯ ಇಯರ್‌ಫೋನು ಹೋಗಿ ಚಾರ್ಜಿನ ಇಯರ್‌ಫೋನು ಬಂದದ್ದರಿಂದ ಸಹಪ್ರಯಾಣಿಕರಿಗೆ ಆದ ನಷ್ಟವನ್ನು ಯಾರೂ ಲೆಕ್ಕ ಹಾಕಿದಂತಿಲ್ಲ.

ಅವನನ್ನಾದರೂ ತಿರುಗಿ ನೋಡಬಹುದು, ‘ಸ್ವಲ್ಪ ಸೌಂಡ್ ಕಮ್ಮಿ ಮಾಡಪ್ಪ’ ಎನ್ನಬಹುದು. ಹಣೆ ತುಂಬ ವಿಭೂತಿ ಧರಿಸಿ ಮುಂದಿನ ಆಸನದಲ್ಲಿ ಕೂರುವ ಹಿರಿಯರು ತಮ್ಮ ಫೋನಿನಲ್ಲಿ ಸುಪ್ರಭಾತ ಹಾಕಿದರೆ ಏನೆನ್ನಬೇಕು? ದೇವರನ್ನು ಎಬ್ಬಿಸುವ ಹಾಡಿಗೆ ಮಲಗಬೇಕೆನ್ನುವವಳು ಆಕ್ಷೇಪಿಸುವುದು ಸಭ್ಯತೆಯಲ್ಲ. ಹಾಗಾಗಿ ಅವರ ದೇವರೂ ನಾನೂ ದಿನವೂ ಒಟ್ಟಿಗೆ ಏಳುತ್ತೇವೆ. ಆದರೆ ಒಂದು ಮಾತನ್ನು ಅವರ ಪರವಾಗಿ ಹೇಳಲೇಬೇಕು: ಅವರ ಹಾಡು ಶುರುವಾದದ್ದು ಮುಗಿಯುತ್ತದೆ.

ನಿಯಮವಿಲ್ಲವೆಂದಲ್ಲ. ಬಸ್ಸಿನಲ್ಲಿ ಮೊಬೈಲಿನ ಸ್ಪೀಕರ್‌ನಿಂದ ಜೋರಾಗಿ ಹಾಡು, ವಿಡಿಯೊ ಹಾಕುವಂತಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2021ರ ನವೆಂಬರ್‌ನಲ್ಲೇ ಆದೇಶಿಸಿದೆ; ಹೇಳಿದರೂ ಕೇಳದವರನ್ನು ಬಸ್ಸಿನಿಂದ ಇಳಿಸಬಹುದೆಂದೂ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಒಮ್ಮೆ ನಿರ್ವಾಹಕರಿಗೆ ಇದನ್ನು ನೆನಪಿಸಿದೆ. ಅವರು ಒಂದು ಕೈಯಲ್ಲಿ ಟಿಕೆಟ್ ಯಂತ್ರ, ಇನ್ನೊಂದರಲ್ಲಿ ಐನೂರರ ನೋಟು ಹಿಡಿದು, ಯಾರದೋ ಬೆನ್ನಿಗೂ ಇನ್ಯಾರದೋ ಚೀಲಕ್ಕೂ ನಡುವೆ ಸಿಕ್ಕಿಕೊಂಡಿದ್ದರು. ‘ಮೇಡಂ, ಇಳಿಯೋರನ್ನೇ ಇಳಿಸೋಕೆ ಆಗ್ತಿಲ್ಲ, ಇಳಿಯದೇ ಇರೋರನ್ನ ಹೆಂಗೆ ಇಳಿಸ್ಲಿ?’ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹಾಡು, ವಿಡಿಯೊಗಳಿಗಿಂತ ಕಷ್ಟದ್ದು ಫೋನಿನ ಮಾತು. ನಮ್ಮ ಬಸ್ಸಿನಲ್ಲಿ ಫೋನು ಹಿಡಿಯುವ ಎರಡು ಪದ್ಧತಿಗಳಿವೆ. ಒಂದು ಕಿವಿಗೆ ಒತ್ತಿ ಹಿಡಿಯುವ ಹಳೆಯ ಪದ್ಧತಿ. ಇನ್ನೊಂದು, ಸ್ಪೀಕರ್ ಹಾಕಿ, ಫೋನನ್ನು ಬಾಯಿಯ ಮುಂದೆ ಅಡ್ಡಲಾಗಿ ಹೋಳಿಗೆ ಕಚ್ಚುವ ಭಂಗಿಯಲ್ಲಿ ಹಿಡಿಯುವ ಹೊಸ ಪದ್ಧತಿ. ಎರಡರಲ್ಲೂ ಕೂಗುವುದು ಕಡ್ಡಾಯ. ಸುತ್ತ ಸದ್ದಿದ್ದರೆ ಮನುಷ್ಯ ತನಗರಿವಿಲ್ಲದೆಯೇ ದನಿ ಏರಿಸುತ್ತಾನೆಂಬುದನ್ನು ಎಟಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯ 1911ರಲ್ಲೇ ಬರೆದಿಟ್ಟಿದ್ದಾನೆ. ಆ ಗುಣಕ್ಕೆ ಅವನ ಹೆಸರೇ ನಿಂತಿದೆ. ಎಂಜಿನ್ನು ಚಾಲಕನ ಪಕ್ಕದಲ್ಲೇ ಗುಡುಗುವ ಹಳೆಯ ಬಸ್ಸುಗಳಲ್ಲಿ, ಅದರ ಹತ್ತಿರದ ಮುಂದಿನ ಸೀಟುಗಳಲ್ಲಿ ಕೂರುವ ನಾವು ಹೆಂಗಸರು ಹೆಚ್ಚು ಗಟ್ಟಿಯಾಗಿ ಮಾತನಾಡುತ್ತೇವೆಂಬ ಅಪವಾದಕ್ಕೆ ಇಷ್ಟು ಸಮಾಧಾನ ಸಾಕೆಂದುಕೊಂಡಿದ್ದೆ. ಆದರೆ ಮೊನ್ನೆ ಮೊನ್ನೆ ನಾನು ಹತ್ತುವ ಹೊತ್ತಿಗೆ ವಿದ್ಯುತ್ ಬಸ್ಸು ಬರತೊಡಗಿತು. ಎಂಜಿನ್ನಿನ ಗುಡುಗಿಲ್ಲ. ಮೊದಲ ಕೆಲವು ದಿನ ಎಲ್ಲರಿಗೂ ತಮ್ಮ ತಮ್ಮ ದನಿ ತಮಗೇ ಕೇಳಿಸಿ ಒಂದು ಬಗೆಯ ಸಂಕೋಚವಾಯಿತು. ಮದುವೆಮನೆಯಲ್ಲಿ ವಾಲಗ ತಟ್ಟನೆ ನಿಂತಾಗ ನಮ್ಮ ಮಾತೊಂದೇ ಉಳಿಯುತ್ತದಲ್ಲ, ಹಾಗೆ. ಒಂದು ವಾರದಲ್ಲಿ ಸಂಕೋಚ ಹೋಯಿತು, ಕೂಗು ಉಳಿಯಿತು. ಲೊಂಬಾರ್ ನಮ್ಮ ಊರಿಗೆ ಬಂದಿರಲಿಲ್ಲ.

ಅರ್ಧ ಮಾತೇ ನನ್ನನ್ನು ಇಷ್ಟೊಂದು ಕಾಡುವುದೇಕೆಂಬುದು ಬಹಳ ದಿನ ನನಗೆ ತಿಳಿದಿರಲಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ಬಗ್ಗೆ ಓದಿದಾಗ, ಯಾರೋ ನನ್ನ ಪಕ್ಕದಲ್ಲಿ ನಾಯಂಡಹಳ್ಳಿಯವರೆಗೆ ಬಂದು ಬರೆದಂತಿತ್ತು. ಗಮನವಿಟ್ಟು ಮಾಡಬೇಕಾದ ಕೆಲಸವೊಂದನ್ನು ಜನರಿಗೆ ಕೊಟ್ಟು, ಅದೇ ಹೊತ್ತಿನಲ್ಲಿ ಅವರ ಕಿವಿಗೆ ಫೋನಿನ ಮಾತು ಬೀಳುವಂತೆ ಮಾಡಿದರಂತೆ. ಎರಡೂ ಕಡೆಯ ಮಾತು ಕೇಳಿಸಿದಾಗ ಕೆಲಸ ಕೆಡಲಿಲ್ಲ. ಒಬ್ಬರೇ ಉದ್ದಕ್ಕೆ ಮಾತನಾಡಿದಾಗಲೂ ಕೆಡಲಿಲ್ಲ. ಒಂದೇ ಬದಿಯ ಮಾತು ತುಂಡುತುಂಡಾಗಿ ಕೇಳಿಸಿದಾಗ ಮಾತ್ರ ತಪ್ಪುಗಳು ಹೆಚ್ಚಿದವು. ಮುಂದೆ ಬರುವ ಮಾತೇನಿರಬಹುದೆಂದು ಮನಸ್ಸು ಊಹಿಸುತ್ತಲೇ ಇರುತ್ತದೆ, ಊಹೆಗೆ ಆಧಾರ ಸಿಗದೆ ಹೋದಾಗ ಕೈಯಲ್ಲಿರುವ ಕೆಲಸವನ್ನು ಬಿಟ್ಟು ಅದರ ಹಿಂದೆ ಹೋಗುತ್ತದೆ ಎಂಬುದು ಅವರ ವಿವರಣೆ. ಪದಗಳು ಅರ್ಥವಾಗದಂತೆ ಧ್ವನಿಯನ್ನು ಮಸುಕುಗೊಳಿಸಿದಾಗ ಆ ತೊಂದರೆಯೂ ಇಲ್ಲವಾಯಿತಂತೆ. ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ಒಡಿಶಾದ ಹುಡುಗರು ನನ್ನ ಪಕ್ಕದಲ್ಲೇ ನಿಂತು ಮನೆಗೆ ಫೋನು ಮಾಡಿ ಎಷ್ಟು ಹೊತ್ತು ಮಾತನಾಡಿದರೂ ನಾನು ಹಾಯಾಗಿ ನಿದ್ದೆ ಮಾಡುವುದರ ಗುಟ್ಟು ಇದೇ. ನನಗೆ ಒಡಿಯಾ ಬಾರದು. ಅಂದಹಾಗೆ, ಈ ಲೆಕ್ಕ ಹಿಡಿದರೆ ಹೋಳಿಗೆ ಪದ್ಧತಿಯವರೇ ಮೇಲು, ಅವರು ಎರಡೂ ಕಡೆಯ ಮಾತನ್ನು ಕೇಳಿಸುತ್ತಾರೆ. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಸ್ವಲ್ಪ ಕಷ್ಟವಾಯಿತು.

ಕತ್ರಿಗುಪ್ಪೆಯಲ್ಲಿ ಹತ್ತಿ ನಾಗರಬಾವಿಯಲ್ಲಿ ಇಳಿಯುವ ಒಬ್ಬ ಹೆಂಗಸು ಹಳೆಯ ಪದ್ಧತಿಯವರು. ನನ್ನಷ್ಟೇ ವಯಸ್ಸು ಇರಬಹುದು, ಕೈಯಲ್ಲಿ ಯಾವಾಗಲೂ ಒಂದು ಊಟದ ಚೀಲ. ಕೂತ ಕೂಡಲೇ ಅಕ್ಕನಿಗೆ ಫೋನು. ಅಕ್ಕ ಚನ್ನರಾಯಪಟ್ಟಣದ ಕಡೆಯವರೆಂಬುದು ಎರಡನೇ ದಿನಕ್ಕೇ ತಿಳಿಯಿತು. ತವರಿನ ಜಮೀನು ಭಾಗವಾಗುತ್ತಿದೆ ಎಂಬುದು ಮೂರನೆಯ ದಿನಕ್ಕೆ. ಆಮೇಲೆ ಶುರುವಾಯಿತು ನನ್ನ ಪಾಡು. ‘ಸೈನ್ ಹಾಕಿದ್ನಾ? ... ಹಾಂ ... ಅಲ್ಲ, ನಾವ್ಯಾಕೆ ಬಿಟ್ಕೊಡ್ಬೇಕು? ... ಅಯ್ಯೋ, ಅವನು ಹೇಳೋದು ಹಂಗೇ ... ಸರ್ವೆಯೋರು ಕಲ್ಲು ನೆಟ್ರಾ? ... ಮತ್ತೆ ಬಾವಿ? ... ಬಾವಿ ಇರೋ ಕಡೆ ಯಾರಿಗೆ?’ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದ್ದರೂ, ‘ನಿಮಗೆ ಮದುವೆ ಮಾಡಿಲ್ವಾ, ಒಂದು ಸಹಿ ಹಾಕ್ಕೊಡಿ’ ಎನ್ನುವ ಅಣ್ಣತಮ್ಮಂದಿರನ್ನು ನಾನೂ ಕಂಡವಳಾದ್ದರಿಂದ, ಕಾಣದ ಆ ಅಕ್ಕನ ಪರವಾಗಿ ನನ್ನ ರಕ್ತ ಕುದಿಯುತ್ತಿತ್ತು. ಬಾವಿ ಯಾರಿಗೆ ಎಂಬ ಪ್ರಶ್ನೆಗೆ ಆ ತುದಿಯಿಂದ ಬಂದ ಉತ್ತರ ಉದ್ದವಾಗಿತ್ತು. ಇವರು ಕಣ್ಣರಳಿಸಿ, ಬಾಯಿಗೆ ಸೆರಗು ಒತ್ತಿಕೊಂಡು, ‘ಹಂಗಂದ್ನಾ!’ ಎಂದಷ್ಟೇ ಹೇಳಿ ನಾಗರಬಾವಿಯಲ್ಲಿ ಇಳಿದುಬಿಟ್ಟರು. ಹೇಗೆ ಎಂದ? ಏನೆಂದ? ಉಳಿದ ಮುಕ್ಕಾಲು ಗಂಟೆ ನಾನು ಆ ಕಾಣದ ಬಾವಿಯ ಕಟ್ಟೆಯ ಮೇಲೆ ಕೂತಿದ್ದೆ.

ಇಂಥ ಮನಸ್ಸನ್ನು ಹೊತ್ತು ನಾನು ಹೋಗಿ ಕೂರುವುದು ಯಂತ್ರದ ಬಿಡಿಭಾಗಗಳನ್ನು ಕೊಂಡು ಮಾರುವ ಒಂದು ಖಾಸಗಿ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ. ಅಲ್ಲಿರುವ ನನ್ನ ಮೇಲಧಿಕಾರಿ ಕೂಗುವವರಲ್ಲ. ಗ್ರಾಹಕರೊಂದಿಗೆ ಅವರು ಆಡುವ ಮಾತು ಕೇಳಿದರೆ ಇಷ್ಟು ಮೃದುವಾದ ಮನುಷ್ಯ ಇನ್ನೊಬ್ಬರಿಲ್ಲ ಅನ್ನಿಸಬೇಕು. ಆಯುಧಪೂಜೆಯ ದಿನ ಸಿಹಿಯ ಡಬ್ಬಿಯನ್ನು ಮೇಜು ಮೇಜಿಗೂ ತಾವೇ ತಂದುಕೊಡುತ್ತಾರೆ. ಅವರ ದೋಷ ಒಂದೇ: ಅವರು ವಾಕ್ಯವನ್ನು ಪೂರ್ತಿ ಮಾಡುವುದಿಲ್ಲ. ‘ಅದು ಏನಾಯ್ತು?’ ‘ಅದನ್ನ ಅವರಿಗೆ ಕಳಿಸಿಬಿಡಿ.’ ‘ಮೊನ್ನೆ ಹೇಳಿದ್ನಲ್ಲ, ಆ ಥರ ಮಾಡಿ.’ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ದೀಪ ಆ ಕಡೆಗೂ ಅಲ್ಲ, ಈ ಕಡೆಗೂ ಅಲ್ಲ. ನಾಳೆ ಯಾವ ಕಡೆ ಬೆಳಕು ಬೇಕಾಗುತ್ತದೋ ಆ ಕಡೆಗೇ ಇಟ್ಟಿದ್ದೆ ಎನ್ನಲು ಅನುಕೂಲ.

ನನ್ನ ಮೊದಲ ಕೆಲಸದಲ್ಲಿ ಇದ್ದ ಮೇಲಧಿಕಾರಿ ಕೂಗುವವರಾಗಿದ್ದರು. ಫೈಲು ಎಸೆಯುತ್ತಿದ್ದರು, ‘ತಲೇಲಿ ಏನಿದೆ ನಿಮಗೆ’ ಎಂದು ಹತ್ತು ಜನರ ಮುಂದೆ ಕೇಳುತ್ತಿದ್ದರು. ಅದನ್ನು ನಾನು ಸಮರ್ಥಿಸುವುದಿಲ್ಲ, ಎರಡು ಬಾರಿ ಶೌಚಾಲಯಕ್ಕೆ ಹೋಗಿ ಅತ್ತದ್ದೂ ಉಂಟು. ಆದರೆ ಅವರ ಬೈಗುಳದಲ್ಲಿ ವಿಷಯ ಪೂರ್ತಿ ಇರುತ್ತಿತ್ತು. ಯಾವ ಬಿಲ್ಲು, ಯಾವ ತಾರೀಖು, ಎಷ್ಟು ರೂಪಾಯಿ ವ್ಯತ್ಯಾಸ, ಯಾವಾಗ ಸರಿಮಾಡಿ ಕೊಡಬೇಕು, ಎಲ್ಲವೂ. ಸಂಜೆ ಬಸ್ಸು ಹತ್ತುವಾಗ ಅವಮಾನ ಇರುತ್ತಿತ್ತು, ಗೊಂದಲ ಇರುತ್ತಿರಲಿಲ್ಲ. ಈಗಿನವರ ಕೆಳಗೆ ನನಗೆ ಅವಮಾನವಿಲ್ಲ, ಆದರೆ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡ ಬಿಸಿತುಪ್ಪವಾಗಿ ರಾತ್ರಿ ಹಾಸಿಗೆಯವರೆಗೂ ಬರುತ್ತದೆ. ಅರ್ಧ ಮಾತಿನ ಉಳಿದರ್ಧವನ್ನು ತುಂಬುವ ಕೆಲಸ ಕೇಳಿಸಿಕೊಂಡವರ ಮೇಲೆ ಬೀಳುತ್ತದೆ. ಸರಿಯಾಗಿ ತುಂಬಿದರೆ ಅದು ಹೇಳಿದವರ ಜಾಣತನ, ತಪ್ಪಾಗಿ ತುಂಬಿದರೆ ಕೇಳಿಸಿಕೊಂಡವರ ದಡ್ಡತನ.

‘ಯಾವುದು ಸರ್?’ ಎಂದು ಕೇಳಿಬಿಟ್ಟರಾಯಿತಲ್ಲ ಎನ್ನಬಹುದು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹಾಗೆ ಕೇಳಿದಳು. ‘ಎಲ್ಲಾನೂ ಬಿಡಿಸಿ ಹೇಳ್ಬೇಕಾ? ಕೆಲಸ ಗೊತ್ತಿರೋರಿಗೆ ಅರ್ಥ ಆಗುತ್ತೆ’ ಎಂದರು, ದನಿಯೇರಿಸದೆ, ನಗುತ್ತಲೇ. ಆ ದಿನದಿಂದ ನಮ್ಮ ವಿಭಾಗದಲ್ಲಿ ಯಾರೂ ಅವರನ್ನು ಏನೂ ಕೇಳುವುದಿಲ್ಲ. ಅವರು ಬಾಗಿಲು ಮುಚ್ಚಿಕೊಂಡ ಮೇಲೆ ನಾವು ನಾಲ್ವರು ಕುರ್ಚಿ ಎಳೆದುಕೊಂಡು ಕೂತು, ‘ಅದು’ ಎಂದರೆ ಏನಿರಬಹುದೆಂದು ಶಾಸನ ಓದುವವರ ಗಾಂಭೀರ್ಯದಲ್ಲಿ ಚರ್ಚಿಸುತ್ತೇವೆ. ತಿಂಗಳ ಯಾವ ತಾರೀಖು ಎಂಬುದು ನಮಗಿರುವ ಮುಖ್ಯ ಆಧಾರ. ಏಳನೇ ತಾರೀಖಿನ ಹತ್ತಿರವಾದರೆ ‘ಅದು’ ಎಂದರೆ ಪಾವತಿ ಮಾಡುವಾಗ ಹಿಡಿದಿಟ್ಟ ತೆರಿಗೆಯಾದ ಟಿಡಿಎಸ್ ಕಟ್ಟುವುದು. ಹನ್ನೊಂದರ ಹತ್ತಿರವಾದರೆ ಮಾರಾಟದ ವಿವರ ಸಲ್ಲಿಸುವ ಜಿಎಸ್‌ಟಿಆರ್-1. ಹದಿನಾಲ್ಕರ ನಂತರವಾದರೆ, ನಮಗೆ ಸರಕು ಕೊಟ್ಟವರು ತಮ್ಮ ಬಿಲ್ಲುಗಳನ್ನು ಸರಿಯಾಗಿ ತೋರಿಸಿದ್ದಾರೋ ಇಲ್ಲವೋ ಎಂದು ಜಿಎಸ್‌ಟಿಯ 2ಬಿ ಪಟ್ಟಿಯಲ್ಲಿ ಹುಡುಕುವುದು. ಇಪ್ಪತ್ತಕ್ಕೆ ತೆರಿಗೆ ಕಟ್ಟಿ 3ಬಿ ಸಲ್ಲಿಸುವುದು. ಇಪ್ಪತ್ತರಿಂದ ತಿಂಗಳ ಕೊನೆಯವರೆಗಿನ ದಿನಗಳು ಭಯಂಕರ, ಆಗ ‘ಅದು’ ಏನು ಬೇಕಾದರೂ ಆಗಿರಬಹುದು.

ಬಾಯಿಮಾತಿನಲ್ಲಿ ಅರ್ಧ ಹೇಳುವವರು ವಾಟ್ಸ್‌ಆ್ಯಪ್‌ನಲ್ಲಿ ಅಷ್ಟನ್ನೂ ಹೇಳುವುದಿಲ್ಲ. ರಾತ್ರಿ ಒಂಬತ್ತಕ್ಕೆ ಒಗ್ಗರಣೆ ಹಾಕುತ್ತಿರುವಾಗ ಫೋನು ಟಿಣ್ ಎನ್ನುತ್ತದೆ. ತೆರೆದು ನೋಡಿದರೆ ಒಂದು ಪ್ರಶ್ನಾರ್ಥಕ ಚಿಹ್ನೆ. ಅದರ ಹಿಂದೆ ಮುಂದೆ ಏನೂ ಇಲ್ಲ. ಸಾಸಿವೆ ಸೀದುಹೋಗುವವರೆಗೆ ಅದನ್ನೇ ನೋಡುತ್ತಾ ನಿಂತದ್ದುಂಟು. ಸಂಜೆ ಐದು ನಲವತ್ತಕ್ಕೆ ಬರುವ ‘ಒಂದು ಚಿಕ್ಕ ಕೆಲಸ’ದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಎಲ್ಲರ ಮನೆಯ ದೋಸೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ನಮ್ಮ ರಾಜ್ಯದ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಗೆರೆ ಎಳೆದಿದೆ. ಬಾಗಿಲಲ್ಲಿ ಅರ್ಧ ದೇಹ ಒಳಗೆ, ಅರ್ಧ ಹೊರಗೆ ಇಟ್ಟು ನಿಂತು ಹೇಳುವ ಚಿಕ್ಕ ಕೆಲಸವನ್ನು ಅಳೆಯುವ ಗಡಿಯಾರ ಮಾತ್ರ ಅದರಲ್ಲಿ ಇದ್ದಂತಿಲ್ಲ.

ಬಾವಿಯ ಪ್ರಶ್ನೆ ಹುಟ್ಟಿದ ದಿನವೇ ಅನಾಹುತವೂ ಆಯಿತು. ಹನ್ನೊಂದೂವರೆಗೆ ಸಾಹೇಬರು ನನ್ನ ಮೇಜಿನ ಪಕ್ಕ ಹಾದುಹೋಗುತ್ತಾ, ನಿಲ್ಲದೆಯೇ, ‘ಆ ಪಟ್ಟಿ ಅವರಿಗೆ ಕಳಿಸಿಬಿಡಿ, ಕೇಳ್ತಾ ಇದ್ದಾರೆ’ ಎಂದರು. ನನ್ನ ಮುಂದೆ ಎರಡು ಪಟ್ಟಿಗಳಿದ್ದವು. ಒಂದು, ನಮಗೆ ಸರಕು ಕೊಡುವ ಒಬ್ಬರ ಬಿಲ್ಲುಗಳಲ್ಲಿ 2ಬಿಯಲ್ಲಿ ಕಾಣಿಸದೇ ಉಳಿದವುಗಳ ಪಟ್ಟಿ; ಇನ್ನೊಂದು, ಒಬ್ಬ ಗ್ರಾಹಕರಿಂದ ನಮಗೆ ಬರಬೇಕಾದ ಬಾಕಿಯದು. ಎರಡು ಸಂಸ್ಥೆಗಳ ಹೆಸರೂ ಒಂದೇ ದೇವರಿಂದ ಶುರುವಾಗುತ್ತವೆ. ಬೆಂಗಳೂರಿನಲ್ಲಿ ಬಿಡಿಭಾಗದ ವ್ಯಾಪಾರ ಮಾಡುವವರೆಲ್ಲ ಒಬ್ಬನೇ ದೇವರ ಭಕ್ತರೋ ಏನೋ. ಮಾಮೂಲಿ ದಿನವಾಗಿದ್ದರೆ ನಾಲ್ವರೂ ಸೇರಿ ವಿಚಾರ ಮಾಡುತ್ತಿದ್ದೆವು. ಆ ದಿನ ನನ್ನ ಅರ್ಧ ಬುದ್ಧಿ ಚನ್ನರಾಯಪಟ್ಟಣದಲ್ಲಿತ್ತು. ಬಾವಿ ಇರುವ ಭಾಗವನ್ನು ದೊಡ್ಡವನೇ ಇಟ್ಟುಕೊಂಡು ಬರಡು ಭಾಗವನ್ನು ಅಕ್ಕತಂಗಿಯರಿಗೆ ಕೊಟ್ಟಿರಬೇಕು ಎಂದುಕೊಳ್ಳುತ್ತಾ, ಮೊದಲನೆಯ ಪಟ್ಟಿಯನ್ನು ಎರಡನೆಯವರಿಗೆ ಕಳಿಸಿಬಿಟ್ಟೆ. ಅಂದರೆ, ನಾವು ಯಾವ ಭಾಗವನ್ನು ಎಷ್ಟು ದರಕ್ಕೆ ಕೊಳ್ಳುತ್ತೇವೆ ಎಂಬುದು ಅದನ್ನೇ ನಮ್ಮಿಂದ ಕೊಳ್ಳುವವರ ಕೈಗೆ ಹೋಯಿತು. ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಆ ಗ್ರಾಹಕರು ಫೋನು ಮಾಡಿ, ಬಹಳ ಪ್ರೀತಿಯಿಂದ, ದರದ ವಿಷಯ ಒಮ್ಮೆ ಕೂತು ಮಾತನಾಡೋಣ ಎಂದರಂತೆ.

ಸಾಹೇಬರು ಆಗಲೂ ಕೂಗಲಿಲ್ಲ. ‘ನಾನು ಯಾವ ಪಟ್ಟಿ ಹೇಳಿದ್ದೆ?’ ಎಂದು ಕೇಳಿದರು. ‘ಆ ಪಟ್ಟಿ ಅಂದ್ರಿ ಸರ್’ ಎಂದೆ. ‘ಅದನ್ನೇ ಕಳಿಸಿದ್ರಾ?’ ಎಂದರು. ಈ ಪ್ರಶ್ನೆಗೆ ಹೌದೆಂದರೂ ತಪ್ಪು, ಅಲ್ಲವೆಂದರೂ ತಪ್ಪು. ತಪ್ಪು ನನ್ನದೂ ಇತ್ತು, ಇಲ್ಲವೆನ್ನುವುದಿಲ್ಲ. ಕಳಿಸುವ ಮುನ್ನ ವಿಳಾಸ ನೋಡಬೇಕೆಂಬುದು ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ಆ ಸಂಜೆ ವರದಿಯಲ್ಲಿ ನನ್ನ ಹೆಸರೊಂದೇ ಹೋಯಿತು. ಮರುದಿನದಿಂದ ನಾನು ಒಂದು ಉಪಾಯ ಹಿಡಿದೆ. ಅವರು ಹೇಳಿದ ಪ್ರತಿಯೊಂದು ಅರ್ಧ ವಾಕ್ಯವನ್ನೂ ಪೂರ್ತಿ ಮಾಡಿ, ‘ತಾವು ಹೇಳಿದ್ದು ಇಂಥ ಪಟ್ಟಿಯನ್ನು ಇಂಥವರಿಗೆ ಕಳಿಸಬೇಕೆಂದು ತಿಳಿದು ಮುಂದುವರಿಯುತ್ತಿದ್ದೇನೆ’ ಎಂದು ಅವರಿಗೆ ಸಂದೇಶ ಹಾಕತೊಡಗಿದೆ. ಎರಡು ನೀಲಿ ಗೆರೆಗಳು ಮೂಡುತ್ತವೆ. ಉತ್ತರ ಈವರೆಗೆ ಬಂದಿಲ್ಲ.

ಇದಾಗಿ ಎರಡು ತಿಂಗಳ ಮೇಲೆ, ಒಂದು ಇಪ್ಪತ್ತನೇ ತಾರೀಖು, ಬಸ್ಸು ನಾಯಂಡಹಳ್ಳಿಯ ಮೇಲ್ಸೇತುವೆ ದಾಟುವ ಮೊದಲೇ ಸಾಹೇಬರ ಫೋನು ಬಂತು. ಹಾಗೆ ಅವರು ಅಷ್ಟು ಬೆಳಿಗ್ಗೆ ಮಾಡುವವರಲ್ಲ. ಎತ್ತಿದೆ. ‘ಅದು ಎಲ್ಲಿದೆ?’ ಎಂದರು. ‘ಯಾವುದು ಸರ್?’ ಎಂದೆ, ಮೆಲ್ಲಗೆ. ಅವರಿಗೆ ಕೇಳಿಸಲಿಲ್ಲ. ಸ್ವಲ್ಪ ಏರಿಸಿದೆ. ಹಿಂದಿನ ಹುಡುಗನ ರೀಲ್ಸಿನಲ್ಲಿ ಯಾರೋ ಗಹಗಹಿಸಿದರು, ಇನ್ನಷ್ಟು ಏರಿಸಿದೆ. ಆಮೇಲೆ ನನಗೆ ನನ್ನ ಮೇಲೆ ಹಿಡಿತ ಉಳಿಯಲಿಲ್ಲ. ‘ಹೋದ ವರ್ಷದ್ದಾ ಸರ್, ಈ ವರ್ಷದ್ದಾ? ... ಇಲ್ಲ ಸರ್, ನಾನು ಅಲ್ಲಿಟ್ಟಿಲ್ಲ ... ಹಸಿರು ಫೈಲಾ? ... ಸರ್, ಹಸಿರು ಎರಡಿದೆ ... ಯಾರಿಗೆ ಸರ್? ... ಯಾರು ಅಂದ್ರೆ ಯಾರು ಸರ್?’ ಐದು ನಿಮಿಷವಿರಬೇಕು. ಮುಂದಿನ ಆಸನದ ಹಿರಿಯರು ಸುಪ್ರಭಾತವನ್ನು ನಿಲ್ಲಿಸಿ ಹಿಂತಿರುಗಿ ನೋಡಿದರು. ಹಿಂದಿನ ಹುಡುಗ, ನನ್ನ ಜೀವನದಲ್ಲಿ ಮೊದಲ ಬಾರಿಗೆ, ಯಾರೂ ಕೇಳದೆಯೇ ಸದ್ದು ಕಡಿಮೆ ಮಾಡಿದ. ಸೌಜನ್ಯಕ್ಕಲ್ಲ, ಸರಿಯಾಗಿ ಕೇಳಿಸಿಕೊಳ್ಳಲು. ಸಾಹೇಬರು ‘ಸರಿ, ಬನ್ನಿ, ನೋಡೋಣ’ ಎಂದು ಇಟ್ಟುಬಿಟ್ಟರು. ನನಗೆ ಸಿಕ್ಕದ್ದೇ ಅರ್ಧ ಮಾತು. ಬಸ್ಸಿನವರಿಗೆ ನಾನು ಹಂಚಿದ್ದು ಅದರಲ್ಲೂ ಅರ್ಧ.

ಅವತ್ತು ಬೇಕಾಗಿದ್ದದ್ದು ಹಸಿರು ಫೈಲೇ ಅಲ್ಲ, ಅದು ಬೇರೆ ಕಥೆ.

ಮರುದಿನ ಕತ್ರಿಗುಪ್ಪೆಯಲ್ಲಿ ಹತ್ತಿದ ಆ ಹೆಂಗಸು, ಬೇರೆ ಕಡೆ ಜಾಗವಿದ್ದರೂ ನನ್ನ ಪಕ್ಕ ಬಂದು ಕೂತರು. ಊಟದ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡರು. ಎಂದಿನಂತೆ ಫೋನು ಎತ್ತಲಿಲ್ಲ. ಹೊಸಕೆರೆಹಳ್ಳಿ ದಾಟುವವರೆಗೆ ಕಾದು, ತಡೆಯಲಾರದೆ, ‘ಸಿಕ್ತಾ ಮೇಡಂ, ಆ ಹಸಿರು ಫೈಲು?’ ಎಂದು ಕೇಳಿದರು. ‘ನಿನ್ನೆ ರಾತ್ರಿ ನಮ್ಮನೆಯೋರ ಹತ್ರಾನೂ ಹೇಳ್ದೆ, ಪಾಪ ಅವರಿಗೆ ಎರಡರಲ್ಲಿ ಯಾವುದು ಅಂತಾನೇ ಹೇಳ್ಲಿಲ್ಲ ಅಂತ.’

ನಾನು ಫೈಲಿನ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಿದೆ. ಹಿಂದಿನ ಹುಡುಗ ‘ಅದಕ್ಕೇ ಅನ್ಕೊಂಡೆ’ ಎಂದ. ನಾಯಂಡಹಳ್ಳಿಯ ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತ್ತು. ಎರಡು ತಿಂಗಳಿನಿಂದ ನಾಲಿಗೆಯ ತುದಿಯಲ್ಲಿದ್ದದ್ದನ್ನು ಆಗ ನಾನೂ ಕೇಳಿಬಿಟ್ಟೆ: ‘ಬಾವಿ ಯಾರ ಪಾಲಿಗೆ ಬಂತು?’

ಅವರು ಒಂದು ಕ್ಷಣ ನನ್ನನ್ನೇ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ಚೀಲವನ್ನು ಸರಿಯಾಗಿ ಇಟ್ಟುಕೊಂಡು, ‘ಅದು ಹಂಗಲ್ಲ, ಮೊದಲಿಂದ ಹೇಳ್ಬೇಕು’ ಎಂದು, ಆ ಬಾವಿಯನ್ನು ತೋಡಿಸಿದ ಅವರ ತಾತನ ಕಾಲದಿಂದ ಶುರು ಮಾಡಿದರು. ತಾತನಿಗೆ ಇಬ್ಬರು ಹೆಂಡಿರು. ಮೊದಲನೆಯವರ ಒಡವೆ ಮಾರಿ ತೋಡಿಸಿದ ಬಾವಿ ಅದು. ಅದಕ್ಕೇ ದೊಡ್ಡವನು ಈಗ ಏನೆನ್ನುತ್ತಾನೆಂದರೆ, ಎನ್ನುವಷ್ಟರಲ್ಲಿ ನಿರ್ವಾಹಕರು ‘ಹೋಲ್ಡಾನ್’ ಎಂದರು. ಬಾವಿ ಬರುವ ಮೊದಲೇ ನಾಗರಬಾವಿ ಬಂದಿತ್ತು.